ಕರೆಂಟು ಹೋದ ಮೇಲಿನ ಹತ್ತು ನಿಮಿಷ

ಶ್ರೀರಂಗಪಟ್ಟಣ ತಾಲ್ಲೂಕಿನ ಕನ್ನಂಬಾಡಿಯಲ್ಲಿ ಕಾವೇರಿಗೆ ಅಡ್ಡಲಾಗಿ ನಿಂತಿರುವ ಕಟ್ಟೆಯನ್ನು ನೋಡದ ವಿದ್ಯಾರ್ಥಿ ಈ ಸೀಮೆಯಲ್ಲಿ ವಿರಳ. ಅದರ ಹಿನ್ನೀರು ಪಾಂಡವಪುರ, ಕೃಷ್ಣರಾಜಪೇಟೆ ತಾಲ್ಲೂಕುಗಳವರೆಗೂ ಚಾಚಿಕೊಂಡಿದೆ. ಸುಮಾರು 49 ಟಿ.ಎಂ.ಸಿ. ಅಡಿ ನೀರು ಹಿಡಿಯುವ ಈ ಜಲಾಶಯವನ್ನು ಗದ್ದೆಗಳಿಗಾಗಿಯೇ ಕಟ್ಟಿದ್ದೆಂದು ಬಹುಮಂದಿ ತಿಳಿದಿರುತ್ತಾರೆ. ಅದು ಅರ್ಧ ಮಾತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುದಾಗಾರ ಕೋಲಾರದ ಚಿನ್ನದ ಗಣಿಗಳಿಗೆ, ತೊಂಬತ್ತು ಮೈಲಿಗೂ ಮಿಕ್ಕ ದೂರಕ್ಕೆ, ವಿದ್ಯುಚ್ಛಕ್ತಿಯನ್ನು ಕಳುಹಿಸತೊಡಗಿತು. ಆದರೆ ಬೇಸಿಗೆಯಲ್ಲಿ ಹೊಳೆ ಬಡವಾದಾಗ ಯಂತ್ರಗಳಿಗೆ ನೀರು ಸಾಲದು. ಗಣಿಯ ಯಂತ್ರಗಳಾದರೋ ಮಳೆಗಾಲ, ಬೇಸಿಗೆ ಎಂದು ನೋಡುವುದಿಲ್ಲ. ಹೆಚ್ಚಿದಾಗ ಕೂಡಿಟ್ಟು ಕಡಮೆಯಾದಾಗ ಬಿಡಲು ಒಂದು ಸಂಗ್ರಹ ಬೇಕಾಯಿತು. 1911ರಲ್ಲಿ ಆರಂಭವಾದ ಕಟ್ಟೆಯ ಉದ್ದೇಶಗಳಲ್ಲಿ ಇದೂ ಒಂದು.

ಕಂಪ್ಯೂಟರಿನ ಮೇಜಿನ ಕೆಳಗೆ ಧೂಳು ತಿನ್ನುತ್ತ ಕುಳಿತಿರುವ ಯು.ಪಿ.ಎಸ್. ಎಂಬ ಪೆಟ್ಟಿಗೆಯೂ ಮಾಡುವುದು ಇದೇ ಕೆಲಸವನ್ನು. ಅದರೊಳಗಿನ ಬ್ಯಾಟರಿಯೇ ಕೆರೆ, ಇನ್ವರ್ಟರು ತೂಬು. ಕೆರೆಯನ್ನು ಅಳೆಯದೆ ತೂಬನ್ನು ಮಾತ್ರ ನೋಡಿ ಕೊಂಡವರು ಪಶ್ಚಾತ್ತಾಪ ಪಡುತ್ತಾರೆ.

ನನಗೆ ಪರಿಚಯವಿರುವ ಹಳ್ಳಿಯೊಂದರ ಹುಡುಗಿ ಕಾಲೇಜಿನ ಅರ್ಜಿಯನ್ನು ಕಡೆಯ ದಿನ ಸಂಜೆ ತುಂಬುತ್ತಿದ್ದಳು. ಅಂಕಪಟ್ಟಿಗಳನ್ನೆಲ್ಲ ಸೇರಿಸಿ, ಹಣ ಕಟ್ಟುವ ಹಂತಕ್ಕೆ ಬಂದಾಗ ಕರೆಂಟು ಹೋಯಿತು. ಪೆಟ್ಟಿಗೆ ಒಮ್ಮೆ ಕೂಗಿತು. ಎರಡನೆಯ ಕೂಗಿಗೆ ಮುಂಚೆ ಪರದೆ ಕಪ್ಪಾಯಿತು. ಪುಣ್ಯಕ್ಕೆ ರಾತ್ರಿ ಹನ್ನೊಂದರ ಹೊತ್ತಿಗೆ ಕರೆಂಟು ಬಂದು ಅರ್ಜಿ ಹೋಯಿತೆನ್ನಿ. ಆ ಪೆಟ್ಟಿಗೆಯನ್ನು ಕೊಂಡು ಆಗ ಹದಿನಾಲ್ಕೇ ತಿಂಗಳಾಗಿತ್ತು. ಅದು ಕೆಟ್ಟದ್ದು ಹೇಗೆ?

ಉತ್ತರಕ್ಕಾಗಿ ಹೊರಗೆ ಕಬ್ಬಿನ ಗದ್ದೆಯ ಕಡೆ ನೋಡಬೇಕು. ಮನೆಗೆ ಬರಬೇಕಾದ ವಿದ್ಯುದೊತ್ತಡ 230 ವೋಲ್ಟು. ತಂತಿಯ ಕೊನೆಯಲ್ಲಿರುವ ಊರಿಗೆ ಅದು ಪೂರ್ತಿಯಾಗಿ ತಲಪುವುದಿಲ್ಲ, ಏಕೆಂದರೆ ತಂತಿಗೂ ರೋಧವುಂಟು. ಪ್ರವಾಹ ಹೆಚ್ಚಿದಷ್ಟೂ ದಾರಿಯಲ್ಲೇ ಹೆಚ್ಚು ವೋಲ್ಟು ಸೋರಿಹೋಗುತ್ತದೆ. ಪಂಪ್‌ಸೆಟ್ಟಿನ ಮೋಟಾರು ತಿರುಗಲು ಹೊರಡುವ ಕ್ಷಣದಲ್ಲಿ ತನ್ನ ವಾಡಿಕೆಯ ಪ್ರವಾಹದ ಐದಾರು ಪಟ್ಟನ್ನು ಸೆಳೆಯುತ್ತದೆ. ಒಂದೇ ಹೊತ್ತಿನಲ್ಲಿ ಹತ್ತು ಮೋಟಾರುಗಳು ಹೊರಟರೆ ಊರಿನ ದೀಪಗಳೆಲ್ಲ ಒಮ್ಮೆಗೇ ಕಣ್ಣು ಕಿರಿದು ಮಾಡುತ್ತವೆ. ಅಗ್ಗದ ‘ಆಫ್‌ಲೈನ್’ ಬಗೆಯ ಯು.ಪಿ.ಎಸ್.ಗೆ ವೋಲ್ಟೇಜನ್ನು ತಿದ್ದುವ ವಿದ್ಯೆ ತಿಳಿಯದು. ಒತ್ತಡ ತನ್ನ ಮಿತಿಗಿಂತ ಕೆಳಗಿಳಿದೊಡನೆ ಕರೆಂಟೇ ಹೋಯಿತೆಂದು ಬಗೆದು ಬ್ಯಾಟರಿಗೆ ಕೈಹಾಕುತ್ತದೆ. ಹೀಗೆ ದಿನಕ್ಕೆ ಇಪ್ಪತ್ತು ಬಾರಿ! ನಿಜವಾಗಿ ಕರೆಂಟು ಹೋಗುವ ಹೊತ್ತಿಗೆ ಕೆರೆಯಲ್ಲಿ ಕೆಸರು ಮಾತ್ರ ಉಳಿದಿರುತ್ತದೆ. ಅರೆಬರೆ ತುಂಬಿದ ಸ್ಥಿತಿಯಲ್ಲೇ ದಿನ ಕಳೆಯುವ ಸೀಸದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳುಗಳಾಗಿ ಕೂರುತ್ತದೆ. ಆ ಹರಳು ಮತ್ತೆ ಸುಲಭವಾಗಿ ಕರಗದು. ಬ್ಯಾಟರಿಯ ಸಾವು ಹೆಚ್ಚಾಗಿ ಬರುವುದು ಈ ದಾರಿಯಿಂದಲೇ.

ಆದುದರಿಂದ ನಮ್ಮ ತಾಲ್ಲೂಕುಗಳಿಗೆ ‘ಲೈನ್ ಇಂಟರಾಕ್ಟಿವ್’ ಎಂಬ ಬಗೆಯೇ ತಕ್ಕದ್ದು. ಅದರೊಳಗಿನ ಪರಿವರ್ತಕ ಸುರುಳಿಯೊಂದು, ವೋಲ್ಟೇಜು ತಗ್ಗಿದಾಗ ಏರಿಸಿ ಮಿತಿಮೀರಿದಾಗ ಇಳಿಸಿ, ಬ್ಯಾಟರಿಯನ್ನು ಮುಟ್ಟದೆಯೇ ಕೆಲಸ ಸಾಗಿಸುತ್ತದೆ. ಕೊಳ್ಳುವಾಗ ಪೆಟ್ಟಿಗೆಯ ಹಿಂಬದಿಯ ಚೀಟಿಯಲ್ಲಿ ಒಳಬರುವ ವೋಲ್ಟೇಜಿನ ವ್ಯಾಪ್ತಿಯನ್ನು ಓದಿರಿ. 140ರಿಂದ 300 ವೋಲ್ಟು ಎಂದಿದ್ದರೆ ಒಳ್ಳೆಯದು. 180ರಿಂದ ಎಂದಿದ್ದರೆ ಅದು ಪೇಟೆಯ ಪೆಟ್ಟಿಗೆ. ಮೂರನೆಯದಾದ ‘ಆನ್‌ಲೈನ್’ ಬಗೆ ಸದಾ ಪರ್ಯಾಯ ಪ್ರವಾಹವನ್ನು ನೇರ ಪ್ರವಾಹವಾಗಿಸಿ ಮತ್ತೆ ಪರ್ಯಾಯವಾಗಿಸುತ್ತದೆ. ಅತ್ಯುತ್ತಮವೇನೋ ಸರಿ, ಬೆಲೆ ಹೆಚ್ಚು, ಶಾಖ ಹೆಚ್ಚು. ಮನೆಗೆ ಬೇಕಿಲ್ಲ.

ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: ಕರೆಂಟು ಹೋಗಿ ಬ್ಯಾಟರಿ ಹೊಣೆ ಹೊರುವ ನಡುವಣ ಕ್ಷಣದಲ್ಲಿ ಕಂಪ್ಯೂಟರು ಏಕೆ ಆರುವುದಿಲ್ಲ? ನಮ್ಮ ಪರ್ಯಾಯ ಪ್ರವಾಹ ಸೆಕೆಂಡಿಗೆ 50 ಆವರ್ತಗಳದ್ದು. ಒಂದು ಆವರ್ತಕ್ಕೆ 20 ಮಿಲಿಸೆಕೆಂಡು. (ಶಿವನಸಮುದ್ರದ ಮೊದಲ ಯಂತ್ರಗಳು 25 ಆವರ್ತಗಳವು.) ಸಾಧಾರಣ ಯು.ಪಿ.ಎಸ್. ಕೈಬದಲಿಸಲು ಹತ್ತು ಮಿಲಿಸೆಕೆಂಡಿನಷ್ಟು ತೆಗೆದುಕೊಳ್ಳುತ್ತದೆ. ಕಂಪ್ಯೂಟರಿನೊಳಗಿನ ವಿದ್ಯುತ್ ಪೂರೈಕೆಯ ಕೆಪಾಸಿಟರುಗಳು ತಮ್ಮಲ್ಲಿ ಕೂಡಿಟ್ಟ ಆವೇಶದಿಂದ ಸುಮಾರು ಹದಿನಾರು ಮಿಲಿಸೆಕೆಂಡು ಉಸಿರು ಹಿಡಿಯಬಲ್ಲವು. ಆರೇ ಮಿಲಿಸೆಕೆಂಡಿನ ಅಂತರದಲ್ಲಿ ನಿಮ್ಮ ಪ್ರಬಂಧ ಉಳಿಯುತ್ತದೆ! ದೀಪ, ಫ್ಯಾನುಗಳಿಗೆಂದು ಮಾಡಿದ ಮನೆಯ ಇನ್ವರ್ಟರಿಗೆ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯಬಹುದು. ಅದನ್ನೇ ಕಂಪ್ಯೂಟರಿಗೆ ಬಳಸುವುದಾದರೆ ಅದರಲ್ಲಿ ‘ಯು.ಪಿ.ಎಸ್.’ ಎಂಬ ಸ್ವಿಚ್ಚಿರಬೇಕು, ಅದು ಆ ಕಡೆಗೇ ತಿರುಗಿರಬೇಕು.

ಇನ್ನು ಲೆಕ್ಕ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 600 ವಿ.ಎ. ಎಂದು ಬರೆದಿರುತ್ತದೆ. ವಿದ್ಯಾರ್ಥಿಗಳೇ, ಇದು ವೋಲ್ಟು ಮತ್ತು ಆಂಪಿಯರುಗಳ ಗುಣಲಬ್ಧ, ವ್ಯಾಟಲ್ಲ. ಅನೇಕ ಸಣ್ಣ ಪೆಟ್ಟಿಗೆಗಳಲ್ಲಿ ಹೊರಬೀಳುವುದು ಇದರ ಹತ್ತರಲ್ಲಿ ಆರು ಪಾಲು, ಎಂದರೆ 360 ವ್ಯಾಟು ಮಾತ್ರ. ಇದು ತೂಬಿನ ಅಗಲ. ಎಷ್ಟು ಹೊತ್ತು ಎಂಬುದನ್ನು ಹೇಳುವುದು ಬ್ಯಾಟರಿ. ಒಳಗಿರುವುದು 12 ವೋಲ್ಟಿನ, 7 ಆಂಪಿಯರ್-ಗಂಟೆಯ ಒಂದು ಬ್ಯಾಟರಿ ಎನ್ನೋಣ. 12ನ್ನು 7ರಿಂದ ಗುಣಿಸಿದರೆ 84 ವ್ಯಾಟ್-ಗಂಟೆ. ಕಂಪ್ಯೂಟರು, ಪರದೆ, ಇಂಟರ್‌ನೆಟ್ಟಿನ ರೂಟರು ಸೇರಿ 130 ವ್ಯಾಟು. ಇನ್ವರ್ಟರಿನಲ್ಲಿ ಐದರಲ್ಲೊಂದು ಪಾಲು ಶಾಖವಾಗಿ ಹೋದರೆ ಬ್ಯಾಟರಿಯಿಂದ ಸೆಳೆಯಬೇಕಾದದ್ದು ಸುಮಾರು 162 ವ್ಯಾಟು. 84ನ್ನು 162ರಿಂದ ಭಾಗಿಸಿದರೆ ಅರ್ಧ ಗಂಟೆ ಬರುತ್ತದೆ. ಆದರೆ ಅರ್ಧ ಗಂಟೆ ನಿಮಗೆ ಸಿಗುವುದಿಲ್ಲ! ಆ 7 ಆಂಪಿಯರ್-ಗಂಟೆಯನ್ನು ಅಳೆದದ್ದು ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ ಹರಿಸಿ. ನೀವೋ ಅದನ್ನು ನಿಮಿಷಗಳಲ್ಲಿ ಬರಿದು ಮಾಡುತ್ತಿದ್ದೀರಿ. ಬೇಗ ಹಿಂಡಿದಷ್ಟೂ ಬ್ಯಾಟರಿ ಕೊಡುವುದು ಕಡಮೆ. 1897ರಲ್ಲಿ ಪಾಯ್ಕರ್ಟ್ ಎಂಬ ಜರ್ಮನ್ ವಿಜ್ಞಾನಿ ಇದಕ್ಕೊಂದು ಸೂತ್ರವನ್ನೇ ಕೊಟ್ಟನು. ಹೊಸ ಬ್ಯಾಟರಿಯಿಂದ ಕಾಲು ಗಂಟೆ, ಎರಡು ವರ್ಷದ್ದರಿಂದ ಹತ್ತು ನಿಮಿಷ ಸಿಕ್ಕರೆ ತೃಪ್ತಿಪಡಬಹುದು. ಕೆಲಸವನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ನಿಲ್ಲಿಸಲು ಅಷ್ಟು ಸಾಕು.

ಜೆರಾಕ್ಸ್ ಅಂಗಡಿಯವರಿಗೆ, ಗ್ರಾಮ ಒನ್ ಕೇಂದ್ರದವರಿಗೆ ಇದು ಸಾಲದು. ಪಹಣಿಗೆಂದು ಬಂದು ಸಾಲಿನಲ್ಲಿ ನಿಂತ ರೈತನನ್ನು ಹತ್ತು ನಿಮಿಷದ ಮೇಲೆ ಮನೆಗೆ ಕಳುಹಿಸಲಾದೀತೆ? ಅವರು 150 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿಗಳಿರುವ ಸೈನ್ ವೇವ್ ಇನ್ವರ್ಟರಿಗೆ ಹೋಗುವುದು ಲೇಸು. ಅಂಥ ಒಂದು ಬ್ಯಾಟರಿ ಮೂರು ಕಂಪ್ಯೂಟರುಗಳನ್ನು ಎರಡು ಗಂಟೆಯ ಮೇಲೆ ನಡೆಸೀತು. ಲೇಸರ್ ಪ್ರಿಂಟರನ್ನು ಮಾತ್ರ ಇದಕ್ಕೆ ಜೋಡಿಸಬಾರದು. ಅದರ ಕಾಯುವ ಉರುಳೆ ಒಂದೇ ಸೆಳೆತಕ್ಕೆ ನೂರಾರು ವ್ಯಾಟು ಕೇಳುತ್ತದೆ. ಈ ಬ್ಯಾಟರಿ ಚಾರ್ಜಾಗುವಾಗ ಜಲಜನಕ ಅನಿಲ ಬಿಡುತ್ತದೆ. ಗಾಳಿಯಾಡುವ ಕಡೆ ಇಡಿ, ಹತ್ತಿರ ಬೀಡಿ ಹಚ್ಚಲು ಬಿಡಬೇಡಿ, ಬಾವಿ ನೀರನ್ನು ಹೊಯ್ಯಬೇಡಿ. ಬಟ್ಟಿಯಿಳಿಸಿದ ನೀರೇ ಆಗಬೇಕು.

ಮನೆಯಲ್ಲಿ ಓದುವ ವಿದ್ಯಾರ್ಥಿ ಹೊಸದಾಗಿ ಕಂಪ್ಯೂಟರು ಕೊಳ್ಳುವುದಾದರೆ ನನ್ನ ಸಲಹೆ ಬೇರೆಯೇ. ಲ್ಯಾಪ್‌ಟಾಪು ಕೊಳ್ಳಲಿ, ಅದರ ಹೊಟ್ಟೆಯಲ್ಲೇ ಲಿಥಿಯಂ ಬ್ಯಾಟರಿಯಿದೆ. ರೂಟರಿಗೆ 12 ವೋಲ್ಟಿನ ಅಂಗೈಯಗಲದ ಬ್ಯಾಟರಿಯೊಂದನ್ನು ಇಟ್ಟರೆ ಮುಗಿಯಿತು. ಆದರೆ ಸೀಸದ ಬ್ಯಾಟರಿಯ ಹಳೆಯ ಯು.ಪಿ.ಎಸ್.ನೊಳಕ್ಕೆ ಲಿಥಿಯಂ ಬ್ಯಾಟರಿ ತುರುಕುವ ಸಾಹಸ ಬೇಡ. ಎರಡರ ಚಾರ್ಜಿನ ರೀತಿ ಬೇರೆ, ಬೆಂಕಿಯ ಭಯವುಂಟು.

ಅಂಗಡಿಯವನು ಹೇಳದ ಸಂಗತಿ ಭೂಸಂಪರ್ಕ, ಎಂದರೆ ಅರ್ಥಿಂಗು. ನಾಲೆಯ ತೇವದಿಂದ ಶ್ರೀರಂಗಪಟ್ಟಣ, ಪಾಂಡವಪುರಗಳ ಬಯಲು ಮಣ್ಣು ವಿದ್ಯುತ್ತಿಗೆ ಸುಲಭವಾಗಿ ದಾರಿ ಕೊಡುತ್ತದೆ. ನಾಗಮಂಗಲದ ಒಣ ಕಲ್ಲುನೆಲ ಹಾಗಲ್ಲ. ಅಲ್ಲಿ ಅರ್ಥಿನ ಗುಂಡಿ ಆಳವಾಗಿರಬೇಕು, ಬೇಸಿಗೆಯಲ್ಲಿ ಅದಕ್ಕೆ ಆಗಾಗ ನೀರು ಹೊಯ್ಯಬೇಕು. ಮುಂಗಾರಿಗೆ ಮುಂಚಿನ ಗುಡುಗುಮಳೆಯಲ್ಲಿ ತಂತಿಯ ಮೇಲೆ ಬರುವ ಆಘಾತಕ್ಕೆ ಹೊರದಾರಿ ಇಲ್ಲದಿದ್ದರೆ ಎಂಥ ಬೆಲೆಯ ಪೆಟ್ಟಿಗೆಯೂ ಸುಟ್ಟುಹೋಗುತ್ತದೆ. ಸಿಡಿಲು ಹತ್ತಿರವಾದಾಗ ಗೋಡೆಯ ಪ್ಲಗ್ಗನ್ನು ಕಿತ್ತಿಡುವುದೇ ಕ್ಷೇಮ.

ಕೊಳ್ಳುವ ಮುನ್ನ ಬ್ಯಾಟರಿಯ ಮೇಲಿನ ತಯಾರಿಕೆಯ ತಿಂಗಳನ್ನು ನೋಡಿರಿ. ಅಂಗಡಿಯ ಅಟ್ಟದಲ್ಲಿ ವರ್ಷ ಕಳೆದದ್ದು ತನ್ನಷ್ಟಕ್ಕೆ ಸೋರಿ ಅರ್ಧ ಸತ್ತಿರುತ್ತದೆ. ಶಾಲೆಗಳಲ್ಲಿ ಏಪ್ರಿಲ್, ಮೇ ರಜೆಯುದ್ದಕ್ಕೂ ಪೆಟ್ಟಿಗೆಗಳನ್ನು ಆರಿಸಿ ಬೀಗ ಹಾಕುತ್ತಾರೆ. ಜೂನಿನಲ್ಲಿ ತೆರೆದಾಗ ಅರ್ಧದಷ್ಟು ಕೂಗುವುದೇ ಇಲ್ಲ. ರಜೆಗೆ ಮುಂಚೆ ಪೂರ್ತಿ ಚಾರ್ಜು ಮಾಡಿ, ನಡುವೆ ಒಮ್ಮೆಯಾದರೂ ಒಂದು ದಿನ ಹಚ್ಚಿಡಬೇಕು. ಬಿಸಿಲು ಬೀಳುವ ಕಿಟಕಿಯ ಬದಿ, ತಗಡಿನ ಮಾಡಿನ ಕೆಳಗೆ ಇಡಬಾರದು. ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಸೀಸದ ಬ್ಯಾಟರಿಯ ಆಯುಸ್ಸು ಸುಮಾರು ಅರ್ಧವಾಗುತ್ತದೆ.

ಪೆಟ್ಟಿಗೆಯ ಶಕ್ತಿಯನ್ನು ನೀವೇ ಅಳೆಯಬಹುದು. ಕಂಪ್ಯೂಟರನ್ನು ಬಿಡಿಸಿ, ಅದರ ಬದಲು 100 ವ್ಯಾಟಿನ ಹಳೆಯ ತಂತುದೀಪವೊಂದನ್ನು ಯು.ಪಿ.ಎಸ್.ಗೆ ಜೋಡಿಸಿ. ರಾತ್ರಿಯೆಲ್ಲ ಚಾರ್ಜಾದ ಮೇಲೆ ಬೆಳಿಗ್ಗೆ ಗೋಡೆಯ ಸ್ವಿಚ್ಚನ್ನು ಆರಿಸಿ, ದೀಪ ಆರುವವರೆಗಿನ ಹೊತ್ತನ್ನು ಗಡಿಯಾರದಿಂದ ಎಣಿಸಿ, ಪೆಟ್ಟಿಗೆಯ ಮೇಲೆ ದಿನಾಂಕದೊಡನೆ ಬರೆಯಿರಿ. ಕೂಡಲೇ ಮತ್ತೆ ಚಾರ್ಜಿಗೆ ಹಾಕಿರಿ. ಮೂರು ತಿಂಗಳಿಗೊಮ್ಮೆ ಹೀಗೆ ಮಾಡಿದರೆ ನಿಮಿಷಗಳು ಇಳಿಯುತ್ತ ಬರುವುದು ಕಾಣುತ್ತದೆ. ಮೊದಲಿದ್ದುದರ ಅರ್ಧಕ್ಕೆ ಬಂದಾಗ ಬ್ಯಾಟರಿಯನ್ನು ಬದಲಿಸಿ. ಹಳೆಯದನ್ನು ತಿಪ್ಪೆಗೆ ಎಸೆಯದೆ ಹೊಸದನ್ನು ಕೊಂಡ ಅಂಗಡಿಗೇ ಕೊಡಿ. ಒಳಗಿರುವ ಸೀಸ ವಿಷವೂ ಹೌದು, ಹಣವೂ ಹೌದು. ಬೆಲೆಯಲ್ಲಿ ಒಂದಷ್ಟನ್ನು ಮುರಿದುಕೊಳ್ಳುತ್ತಾರೆ.