ಕಕ್ಕೇರಾದ ಹಿರಿಯರು, ತಿಂಗಳ 1,200 ರೂಪಾಯಿ

2011ರ ಜನಗಣತಿಯಲ್ಲೇ ಕರ್ನಾಟಕದ ನೂರು ಜನರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಅರವತ್ತು ದಾಟಿದ್ದರು. ಆ ಪಾಲು ಏರುತ್ತಲೇ ಇದೆ. ಸುರಪುರ ತಾಲ್ಲೂಕಿನ ಕಕ್ಕೇರಾ ಕಡೆ ಇದರ ಜೊತೆಗೆ ಗುಳೆಯೂ ಸೇರಿಕೊಂಡಿದೆ. ದುಡಿಯುವವರು ಬೆಂಗಳೂರು, ಪುಣೆ, ಮುಂಬೈಗೆ ಕಟ್ಟಡ ಕೆಲಸಕ್ಕೆ ಹೋದರೆ, ಮೊಮ್ಮಕ್ಕಳ ಶಾಲೆ, ರೇಷನ್, ದನಕರು ಎಲ್ಲವೂ ಊರಲ್ಲುಳಿದ ಮುತ್ಯಾ, ಆಯಿಯ ಹೆಗಲಿಗೆ. ಅವರನ್ನು ಭಾರ ಎನ್ನುವುದು ತಪ್ಪು. ಮನೆ ನಿಂತಿರುವುದೇ ಅವರಿಂದ.

ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಬಡವರಿಗೆ ತಿಂಗಳಿಗೆ 1,200 ರೂಪಾಯಿ, ಅಂದರೆ ದಿನಕ್ಕೆ 40. ಬಿಪಿ, ಶುಗರ್ ಗುಳಿಗೆಯೂ ಅದರಲ್ಲೇ ಆಗಬೇಕು. ಹತ್ತಿ ಬಿಡಿಸಿ, ಕಳೆ ತೆಗೆದು ಗೆರೆ ಸವೆದ ಹೆಬ್ಬೆಟ್ಟು ಬೆರಳಚ್ಚು ಯಂತ್ರಕ್ಕೆ ಹತ್ತದಿದ್ದರೆ ಆ ಹಣಕ್ಕೂ ಮತ್ತೆ ಮತ್ತೆ ಅಲೆಯಬೇಕು. ಮಕ್ಕಳೇ ನೋಡಿಕೊಳ್ಳಲಿ ಎಂಬ ಮಾತು ನ್ಯಾಯವೇ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಗೆ ಅರ್ಜಿ ಕೊಟ್ಟು ಜೀವನಾಂಶ ಕೇಳಬಹುದು. ಆದರೆ ಕೂಲಿ ಮಾಡುವ ಮಗನ ಕೈಯಲ್ಲಿ ಇಲ್ಲದ ಹಣವನ್ನು ಯಾವ ಆದೇಶ ಕೊಡಿಸೀತು? ಪಿಂಚಣಿ ಹೆಚ್ಚಿಸಿದರೆ ಖಜಾನೆಗೆ ಹೊರೆಯಾಗುತ್ತದೆ ಎನ್ನುವವರೂ ಇದ್ದಾರೆ. ಆದರೆ ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಗೆ, 80 ತುಂಬದವರ ಲೆಕ್ಕದಲ್ಲಿ, ಕೇಂದ್ರ ಕೊಡುವುದು ತಿಂಗಳಿಗೆ 200 ರೂಪಾಯಿ. 2007ರಲ್ಲೂ ಅಷ್ಟೇ ಇತ್ತು. ಬೆಲೆ ಏರಿದಂತೆ ಪಿಂಚಣಿಯೂ ಏರಬೇಕು, ನಡೆಯಲಾಗದವರಿಗೆ ಅದು ಮನೆಬಾಗಿಲಿಗೇ ಬರಬೇಕು.