ಹಾವು-ಏಣಿ ಆಟದಲ್ಲಿ ಕರುಳಿನ ಪಾಠ

ಮಗುವಿಗೆ ಭೇದಿಯಾದರೆ ಓಆರ್‌ಎಸ್ ಪ್ಯಾಕೆಟ್ ತರುತ್ತೀರಿ. ಬೆರೆಸುವ ಕ್ರಮ ಅದರ ಮೇಲೇ ಅಚ್ಚಾಗಿರುತ್ತದೆ. ಆದರೆ ಪುಣೆಯಲ್ಲೋ ಚೆನ್ನೈಯಲ್ಲೋ ಮಗುವನ್ನು ನೋಡಿಕೊಳ್ಳುವ ಅಜ್ಜಿಗೆ ಓದಲು ಬರುವುದು ಕನ್ನಡ ಮಾತ್ರ ಆಗಿದ್ದರೆ? ಒಂದು ಲೀಟರ್ ನೀರಿಗೆ ಹಾಕಬೇಕಾದ ಪುಡಿಯನ್ನು ಒಂದೇ ಲೋಟಕ್ಕೆ ಸುರಿದರೆ ಉಪ್ಪಿನಂಶ ಅತಿಯಾಗಿ ಮಗುವಿಗೆ ಅಪಾಯ. ಇಂಥ ಮಾತುಗಳನ್ನು ಮನೆಯವರಿಗೆಲ್ಲ ಮುಟ್ಟಿಸಲು ಬೋರ್ಡ್ ಗೇಮ್ ಒಳ್ಳೆಯ ದಾರಿ.

ಇದು ಹೊಸದಲ್ಲ. ನಮ್ಮ ಪರಮಪದ ಸೋಪಾನ ಪಟ ಪಾಪ-ಪುಣ್ಯ ಕಲಿಸುವ ಆಟವೇ ಆಗಿತ್ತು. ನೈಜೀರಿಯಾದ ಸಂಶೋಧಕರು ಹಾವು-ಏಣಿಯನ್ನು ‘ವರ್ಮ್ಸ್ ಆ್ಯಂಡ್ ಲ್ಯಾಡರ್ಸ್’ ಎಂದು ಬದಲಿಸಿ ಶಾಲಾ ಮಕ್ಕಳಿಗೆ ಆಡಿಸಿದರು; ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಆಡಿದ ಮಕ್ಕಳಲ್ಲಿ ತಿಳಿವಳಿಕೆ ಹೆಚ್ಚಿತ್ತು, ಕರುಳಿನ ಜಂತುಹುಳು ಕಡಿಮೆಯಾಗಿತ್ತು. ನಮ್ಮಲ್ಲೂ ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಶಾಲೆ, ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. ಆ ಮಾತ್ರೆ ಹೊಟ್ಟೆಯಲ್ಲಿರುವ ಹುಳುವನ್ನು ಕೊಲ್ಲುತ್ತದೆ, ಅಷ್ಟೇ. ನಾಳೆ ಮಣ್ಣಿನ ಕೈಯಿಂದ, ಬರಿಗಾಲಿನಿಂದ ಬರುವ ಹುಳುವನ್ನು ತಡೆಯುವುದು ಅಭ್ಯಾಸ. ಆಟ ನೆರವಾಗುವುದು ಅಲ್ಲಿ.

ಮನೆಯಲ್ಲೇ ಮಾಡಿಕೊಳ್ಳಬಹುದು. ಹಳೆಯ ಹಾವು-ಏಣಿ ಬೋರ್ಡಿನ ಮೇಲೆ ಚೀಟಿ ಅಂಟಿಸಿದರೆ ಸಾಕು. ‘ಶೌಚದ ನಂತರ ಸೋಪು ಹಚ್ಚಲಿಲ್ಲ’ ಒಂದು ಹಾವು. ‘ಭೇದಿಗೆ ಕಳೆದ ಸಲ ಉಳಿದ ಆ್ಯಂಟಿಬಯಾಟಿಕ್ ನುಂಗಿದೆ’ ಇನ್ನೊಂದು. ನನ್ನ ಪ್ರಕಾರ ದೊಡ್ಡವರನ್ನು ಹೆಚ್ಚಾಗಿ ಕಚ್ಚುವ ಹಾವು ಇದೇ. ಮಕ್ಕಳ ಭೇದಿಗೆ ಬಹಳ ಸಲ ವೈರಸ್ ಕಾರಣ, ಆ್ಯಂಟಿಬಯಾಟಿಕ್ ಅದಕ್ಕೆ ತಾಗುವುದೇ ಇಲ್ಲ. ಬದಲಿಗೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಂದು ಭೇದಿಯನ್ನು ಹೆಚ್ಚಿಸಲೂಬಹುದು. ಏಣಿಗಳಿಗೆ ಸೊಪ್ಪು, ಕಾಳು, ಕುದಿಸಿದ ನೀರು, ಸರಿಯಾಗಿ ಬೆರೆಸಿದ ಓಆರ್‌ಎಸ್.

ಒಂದು ತೊಡಕಿದೆ. ದಾಳ ಕಲಿಸುವುದು ಅದೃಷ್ಟವನ್ನು, ತಿಳಿವಳಿಕೆಯನ್ನಲ್ಲ. ಆದ್ದರಿಂದ ಏಣಿ ಹತ್ತುವವರು ‘ಯಾಕೆ?’ ಎಂಬುದಕ್ಕೆ ಉತ್ತರ ಹೇಳಿಯೇ ಹತ್ತಬೇಕು. ‘ಬೆರೆಸಿದ ಓಆರ್‌ಎಸ್ ಎಷ್ಟು ಹೊತ್ತು ಇಡಬಹುದು?’ ಎಂದೂ ಕೇಳಬಹುದು. 24 ಗಂಟೆ, ಆಮೇಲೆ ಚೆಲ್ಲಬೇಕು. ಅಜ್ಜಿಗೆ ಮೊಮ್ಮಗಳೇ ಓದಿ ಹೇಳಲಿ.

ಮನೆಯಲ್ಲಿ ಕ್ರೋನ್ಸ್ ಅಥವಾ ಸೀಲಿಯಾಕ್ ಕಾಯಿಲೆಯ ಮಗುವಿದ್ದರೆ ಮಾತ್ರ ಎಚ್ಚರ. ತಪ್ಪು ಮಾಡಿದವರಿಗೆ ಹಾವು ಕಚ್ಚುತ್ತದೆ ಎಂದು ಆಡುತ್ತಾ ಆಡುತ್ತಾ, ತನ್ನ ಕಾಯಿಲೆಯೂ ತನ್ನದೇ ತಪ್ಪು ಎಂದು ಅದು ತಿಳಿಯಬಹುದು. ‘ಈ ಕಾಯಿಲೆ ಯಾರ ತಪ್ಪಿನಿಂದಲೂ ಬರುವುದಿಲ್ಲ’ ಎಂದು ಆಟಕ್ಕೆ ಮೊದಲೇ ಬಾಯಿಬಿಟ್ಟು ಹೇಳಿ.

ಬೋರ್ಡಿನಲ್ಲಿ ಒಂದು ಮನೆಯನ್ನು ಕೆಂಪು ಮಾಡಿ. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಮೂತ್ರ ಕಡಿಮೆಯಾಗುವುದು, ಏನೂ ಕುಡಿಯಲಾಗದ ಸುಸ್ತು: ಇವನ್ನು ಅದರಲ್ಲಿ ಬರೆಯಿರಿ. ಆ ಮನೆಗೆ ದಾಳ ಹಾಕುವಂತಿಲ್ಲ, ನೇರ ಆಸ್ಪತ್ರೆಗೆ.