ಹೆಸರು ಒಂದೇ, ಪ್ರಾಣಿ ಬೇರೆ!

ರಾಕ್ಷಸ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಯಾರು ಬರ್ತಾರೆ? ನನಗಂತೂ ಬಯಲಾಟದ ದೊಡ್ಡ ಮೀಸೆ, ಕೆಂಪು ಕಣ್ಣು. ಆದರೆ 1974ರಲ್ಲಿ ಅಮೆರಿಕದಲ್ಲಿ ಶುರುವಾದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಟದಲ್ಲಿ ರಾಕ್ಷಸನಿಗೆ ಹುಲಿಯ ತಲೆ, ಹಿಂದುಮುಂದಾದ ಅಂಗೈ! ‘ಗಿಲ್ಡ್ ವಾರ್ಸ್ 2’ರಲ್ಲಿ ಅಸುರರು ಅಂದ್ರೆ ದೊಡ್ಡ ಕಿವಿಯ ಕುಳ್ಳ ವಿಜ್ಞಾನಿಗಳು. ‘ಫೈನಲ್ ಫ್ಯಾಂಟಸಿ’ಯ ಶಿವಾ, ಹಿಮ ಸುರಿಸುವ ಹೆಣ್ಣು.

ಬೆಳಗಾವಿಯಲ್ಲಿ ನಾವು ಐದು ಜನ ಗೆಳೆಯರು ರವಿವಾರ ಕೂತು ಇಂಥ ಆಟ ಆಡ್ತೀವಿ. ಒಬ್ಬ ಕಥೆ ಹೇಳ್ತಾನೆ, ಉಳಿದವರು ಒಂದೊಂದು ಪಾತ್ರ ಆಗಿ ದಾಳ ಉರುಳಿಸ್ತಾರೆ. ಒಮ್ಮೆ ಗುಹೆಯೊಳಗೆ ‘ಕೋಬೋಲ್ಡ್’ಗಳು ಬಂದವು. ಒಬ್ಬನ ತಲೆಯಲ್ಲಿ ನಾಯಿ ಮುಖದ ಜೀವಿ, ಇನ್ನೊಬ್ಬನ ತಲೆಯಲ್ಲಿ ಹಲ್ಲಿಯಂಥದ್ದು. ಇಬ್ಬರೂ ಸರಿ! ಜರ್ಮನ್ ಜನಪದ ಕಥೆಗಳಲ್ಲಿ ಕೋಬೋಲ್ಡ್ ಮನೆಯಲ್ಲೋ ಗಣಿಯಲ್ಲೋ ಇರುವ ಕಾಟದ ಭೂತ; ಕೋಬಾಲ್ಟ್ ಲೋಹಕ್ಕೆ ಆ ಹೆಸರು ಬಂದದ್ದೂ ಅಲ್ಲಿಂದಲೇ. ಜಪಾನಿನ ಎಷ್ಟೋ ಆಟಗಳಲ್ಲಿ ಅದು ನಾಯಿಯಾಯ್ತು, ಅಮೆರಿಕದ ಈಚಿನ ಆವೃತ್ತಿಗಳಲ್ಲಿ ಡ್ರ್ಯಾಗನ್‌ನ ನೆಂಟ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಒಂದೇ ಕೋಡ್ ಎರಡು ಕಡೆ ಫೋರ್ಕ್ ಆದ ಹಾಗೆ.

ಯಾಕೆ ಹೀಗೆ?

ಆಟಕ್ಕೆ ನೂರಾರು ಜೀವಿಗಳು ಬೇಕು, ಅಷ್ಟು ಹೊಸ ಹೆಸರು ಎಲ್ಲಿಂದ ತರೋದು? ಪುರಾಣದ ಹೆಸರಿಗೆ ಕಾಪಿರೈಟ್ ಇಲ್ಲ, ಕೇಳಿದ ಕೂಡಲೇ ಗತ್ತೂ ಇರುತ್ತೆ. ಟೋಲ್ಕಿನ್ ಕಾದಂಬರಿಯ ‘ಹಾಬಿಟ್’ ಹೆಸರಿಗೆ ಮಾತ್ರ ಹಕ್ಕುದಾರರಿಂದ ತಕರಾರು ಬಂದು, ಆಟದವರು ಅದನ್ನು ‘ಹಾಫ್‌ಲಿಂಗ್’ ಅಂತ ಬದಲಿಸಬೇಕಾಯ್ತು.

ಖಾನಾಪುರದ ‘ವಾಘ’

ಆಟದಲ್ಲಿ ಈ ಗೊಂದಲ ಮಜಾನೇ. ಕಾಡಂಚಿನಲ್ಲಿ ಹಾಗಲ್ಲ. ಖಾನಾಪುರ ತಾಲ್ಲೂಕಿನ ಭೀಮಗಡ ಅಭಯಾರಣ್ಯದ ಕಡೆ ಮರಾಠಿ, ಕನ್ನಡ, ಕೊಂಕಣಿ ಎಲ್ಲಾ ಕೂಡಿ ನಡೀತವೆ. ಮರಾಠಿಯಲ್ಲಿ ಪಟ್ಟೇರಿ ವಾಘ ಅಂದ್ರೆ ಹುಲಿ, ಬಿಬಟ್ಯಾ ವಾಘ ಅಂದ್ರೆ ಚಿರತೆ. ಮಾತಿನ ಓಟದಲ್ಲಿ ಎರಡೂ ಬರೀ ‘ವಾಘ’. ಕನ್ನಡವೇನು ಕಡಿಮೆಯೇ? ಕೆಲವು ಕಡೆ ಕಿರುಬ ಅಂದ್ರೆ ಚಿರತೆ, ಕತ್ತೆಕಿರುಬ ಅಂದ್ರೆ ಹೈನಾ.

2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಗಾಲ್ಫ್ ಕೋರ್ಸ್ ಸುತ್ತ ಚಿರತೆ ಕಾಣಿಸಿಕೊಂಡು ಶಾಲೆಗಳಿಗೆ ರಜೆ ಕೊಟ್ಟದ್ದು ನಮಗೆಲ್ಲ ನೆನಪಿದೆ. ಮುಂದಿನ ತಿಂಗಳೇ ನಮೀಬಿಯಾದಿಂದ 8 ಚೀತಾಗಳು ಮಧ್ಯಪ್ರದೇಶದ ಕುನೋಗೆ ಬಂದವು. ಮಾತಿನಲ್ಲಿ ಚಿರತೆ, ಚೀತಾ ಎರಡೂ ಕಲಸಿಹೋದವು. ಬೆಳಗಾವಿಯದು ಮರ ಹತ್ತುವ, ನಾಯಿ ಹುಡುಕಿ ಊರಿಗೇ ಬರುವ ಪ್ರಾಣಿ. ಕುನೋದ್ದು ಬಯಲಲ್ಲಿ ಓಡಿ ಬೇಟೆಯಾಡುವ, ಕಣ್ಣಿನಿಂದ ಬಾಯಿವರೆಗೆ ಕಪ್ಪು ಗೆರೆಯ ಪ್ರಾಣಿ.

ಹೆಸರಿನ ಈ ವ್ಯತ್ಯಾಸ ಬರೀ ಪಂಡಿತರ ಜಗಳ ಅಲ್ಲ. ಊರೊಳಗೆ ಬಂದದ್ದು ಚಿರತೆಯಾದ್ರೆ ರಾತ್ರಿ ನಾಯಿಯನ್ನು ಒಳಗೆ ಕಟ್ಟಬೇಕು, ಕಾಂಪೌಂಡ್ ಗೋಡೆ ಇದೆ, ಮರ ಇದೆ ಅಂತ ನಂಬಿ ಕೂರಬಾರದು. ಹುಲಿಯಾದ್ರೆ ಕಾಡಂಚಿಗೆ ಮೇಯಲು ಬಿಟ್ಟ ದನಗಳ ಚಿಂತೆ ಮೊದಲು.

ಆಟದಲ್ಲಿ ಈಗ ನಮ್ಮದೊಂದು ನಿಯಮ ಇದೆ: ಹೊಸ ಜೀವಿ ಬಂದ್ರೆ ಹೆಸರಿಗಿಂತ ಮೊದಲು ಅದರ ಮೈ, ಹಲ್ಲು, ನಡಿಗೆ ಹೇಳಬೇಕು. ವಾಟ್ಸ್‌ಆ್ಯಪ್‌ನಲ್ಲಿ ‘ವಾಘ ಬಂತು’ ಅನ್ನೋ ಮೆಸೇಜ್ ಬಂದಾಗಲೂ ಅದೇ ನಿಯಮ ಸಾಕು. ಫಾರ್ವರ್ಡ್ ಒತ್ತುವ ಮುಂಚೆ ಕೇಳಿ: ಪಟ್ಟೆಯೋ, ಚುಕ್ಕೆಯೋ?